ಕೆಡವುವ ಮುನ್ನ ತೆಗೆದ ಚಿತ್ರಗಳು

1868ರಲ್ಲಿ ಗ್ಲಾಸ್ಗೋದ ನಗರ ಸುಧಾರಣಾ ಟ್ರಸ್ಟು ಥಾಮಸ್ ಅನ್ನಾನ್ ಎಂಬ ಫೋಟೋಗ್ರಾಫರ್‌ಗೆ ಒಂದು ಕೆಲಸ ಒಪ್ಪಿಸಿತು. ಹೈ ಸ್ಟ್ರೀಟ್, ಸಾಲ್ಟ್‌ಮಾರ್ಕೆಟ್ ಆಸುಪಾಸಿನ ಹಳೆಯ ಕಟ್ಟಡಗಳನ್ನು ಕೆಡವುವುದೆಂದು ಆಗಲೇ ತೀರ್ಮಾನವಾಗಿತ್ತು. ನೆಲಸಮವಾಗುವ ಮುನ್ನ ಅಲ್ಲಿನ ಸಂದಿಗೊಂದಿಗಳ ಚಿತ್ರ ತೆಗೆದಿಡಬೇಕಿತ್ತು, ಅಷ್ಟೆ. ಸ್ಕಾಟ್‌ಲೆಂಡಿನ ಚೆಲುವು ಬೇಕೆಂದವರು ಆಗ ಕ್ಯಾಮೆರಾ ಹೊತ್ತು ಸರೋವರಗಳ ದಂಡೆಗೋ ಪಾಳುಬಿದ್ದ ಕೋಟೆಗಳಿಗೋ ಹೋಗುತ್ತಿದ್ದರು. ಅನ್ನಾನ್ ಕೂಡ ಅಂಥ ಭೂದೃಶ್ಯಗಳಿಂದ ಹೆಸರು ಮಾಡಿದವರೇ. ಮನೆಗಳ ನಡುವೆ ಚರಂಡಿ ಹರಿಯುವ ಜಾಗಕ್ಕೆ ಮುಕ್ಕಾಲಿ ಒಯ್ದು ಊರಲು ಯಾರಿಗೂ ಕಾರಣವಿರಲಿಲ್ಲ.

ಇವತ್ತು ಫೋನು ಹಿಡಿದ ಯಾರಿಗಾದರೂ ಇಕ್ಕಟ್ಟಾದ ಓಣಿಯ ಕೊನೆಯಲ್ಲಿ ಬೆಳಕು ಬಿದ್ದದ್ದು ಕಂಡರೆ ಕೈ ತಾನಾಗಿ ಮೇಲೇಳುತ್ತದೆ. ಹುಟ್ಟಿನಿಂದಲೇ ಬಂದದ್ದೇನೋ ಎಂಬಷ್ಟು ಸಹಜವಾಗಿರುವ ಈ ನೋಟವನ್ನು ಯಾರೋ ಎಲ್ಲೋ ಮೊದಲು ಕಂಡುಕೊಳ್ಳಬೇಕಾಯಿತು. ಅದಕ್ಕೆ ಅರವತ್ತು ವರ್ಷ ಹಿಡಿಯಿತು, ಎರಡು ಊರುಗಳು ಬೇಕಾದವು. ಚೆಲುವನ್ನು ಹುಡುಕಿಕೊಂಡು ಹೊರಟವರು ಆ ಕತೆಯಲ್ಲಿ ಬರುವುದು ತೀರಾ ಕೊನೆಗೆ.

ಗ್ಲಾಸ್ಗೋದ ಸಂದಿಗಳಿಗೆ ಅಲ್ಲಿಯವರು ‘ಕ್ಲೋಸ್’ ಅನ್ನುತ್ತಾರೆ. ಬೀದಿಯುದ್ದಕ್ಕೂ ಒತ್ತಾಗಿ ನಿಂತ ಕಟ್ಟಡಗಳ ನಡುವೆ ಒಂದು ಕಿರಿದಾದ ದಾರಿ. ಹೊಕ್ಕರೆ ಎರಡೂ ಕಡೆ ನಾಲ್ಕಾಳೆತ್ತರದ ಗೋಡೆ. ಒಂದು ಕಾಲಕ್ಕೆ ಅದು ಹಿತ್ತಿಲಿಗೆ ಹೋಗುವ ದಾರಿಯಾಗಿತ್ತು. ಊರಿಗೆ ಜನ ಬಂದು ತುಂಬಿದಂತೆ ಹಿತ್ತಿಲಲ್ಲೂ ಮನೆ ಎದ್ದಿತು, ಅದರ ಹಿಂದೆ ಇನ್ನೊಂದು. 1801ರಲ್ಲಿ 80,000 ಮುಟ್ಟದಿದ್ದ ಗ್ಲಾಸ್ಗೋದ ಜನಸಂಖ್ಯೆ 1861ರ ಹೊತ್ತಿಗೆ 4 ಲಕ್ಷದ ಹತ್ತಿರ ಬಂದಿತ್ತು. ಹೈಲ್ಯಾಂಡ್ಸ್ ಬಿಟ್ಟು ಬಂದವರು, ಬರಗಾಲದ ಐರ್ಲೆಂಡಿನಿಂದ ಬಂದವರು, ಎಲ್ಲರೂ ಸೇರಿಕೊಂಡದ್ದು ಈ ಹಿತ್ತಿಲ ಮನೆಗಳಿಗೆ. 1862ರ ಕಾಯಿದೆಯ ನಂತರ ಸಣ್ಣ ಮನೆಗಳ ಬಾಗಿಲಿಗೆ ತಗಡಿನ ಬಿಲ್ಲೆ ಹೊಡೆದರು. ಒಳಗೆ ಎಷ್ಟು ಘನ ಅಡಿ ಜಾಗವಿದೆ, ಎಷ್ಟು ಜನ ಮಲಗಬಹುದು ಎಂದು ಅದರ ಮೇಲೆ ಬರೆದಿರುತ್ತಿತ್ತು. ದೊಡ್ಡವರಿಗೆ ತಲಾ 300 ಘನ ಅಡಿಯ ಲೆಕ್ಕ. ಇನ್‌ಸ್ಪೆಕ್ಟರುಗಳು ರಾತ್ರಿ ಬಂದು ಬಾಗಿಲು ತಟ್ಟಿ, ಮಲಗಿದವರ ತಲೆ ಎಣಿಸಿ ಹೋಗುತ್ತಿದ್ದರು. ಟೈಫಸ್, ಕಾಲರಾ ಬಂದಾಗಲೆಲ್ಲ ಇಲ್ಲಿಂದಲೇ ಹೆಣಗಳು ಹೊರಡುತ್ತಿದ್ದವು. 1866ರ ಸುಧಾರಣಾ ಕಾಯಿದೆ ಕೈ ಹಾಕಿದ್ದು ಸುಮಾರು 88 ಎಕರೆ ಜಾಗಕ್ಕೆ, ಅಲ್ಲಿದ್ದ ಸುಮಾರು 50,000 ಜನರ ಬದುಕಿಗೆ.

ಈ ಟ್ರಸ್ಟಿನ ನೆರಳು ನಮ್ಮ ಕಡೆಗೂ ಬಿದ್ದಿದೆ. 1896ರಲ್ಲಿ ಮುಂಬಯಿಗೆ ಪ್ಲೇಗು ಬಡಿಯಿತು. 1898ರಲ್ಲಿ ಅಲ್ಲೊಂದು ಇಂಪ್ರೂವ್‌ಮೆಂಟ್ ಟ್ರಸ್ಟು ಹುಟ್ಟಿದಾಗ ಗ್ಲಾಸ್ಗೋದ ಮಾದರಿ ಅದರ ಕಣ್ಣೆದುರಿಗಿತ್ತು. ಮೈಸೂರಿನ ನಗರ ಸುಧಾರಣಾ ಟ್ರಸ್ಟ್ ಬೋರ್ಡು ಬಂದದ್ದು 1903ರಲ್ಲಿ. ಬೆಂಗಳೂರಿನಲ್ಲಿ ಪ್ಲೇಗಿನ ದಿನಗಳಲ್ಲಿ ಬೆಳೆದ ಮಲ್ಲೇಶ್ವರ, ಬಸವನಗುಡಿಗಳಲ್ಲಿ ಮನೆಗಳ ಬೆನ್ನಿಗೆ ಬಿಟ್ಟ ಕನ್ಸರ್‌ವೆನ್ಸಿ ಓಣಿಗಳೂ ಇದೇ ಆಲೋಚನೆಯವು: ಗಾಳಿ ಆಡಲಿ, ಕೊಳಕು ಹಿಂದಿನಿಂದ ಹೋಗಲಿ. ಇಕ್ಕಟ್ಟಾದ ಓಣಿಯೆಂದರೆ ರೋಗ ಎಂಬ ಸಮೀಕರಣ ಆ ಕಾಲದ ಆಡಳಿತಗಾರರ ತಲೆಯಲ್ಲಿ ಗಟ್ಟಿಯಾಗಿ ಕೂತಿತ್ತು. ಅದರಲ್ಲಿ ಸತ್ಯವೂ ಇತ್ತು.

ಅನ್ನಾನ್ ಬಳಸಿದ್ದು ವೆಟ್ ಕೊಲೋಡಿಯನ್ ವಿಧಾನ. ಗಾಜಿನ ಮೇಲೆ ಅಂಟಾದ ದ್ರಾವಣ ಸುರಿದು ಹರಡಬೇಕು, ಸಿಲ್ವರ್ ನೈಟ್ರೇಟಿನಲ್ಲಿ ಅದ್ದಬೇಕು, ಹಸಿ ಆರುವುದರೊಳಗೆ ಕ್ಯಾಮೆರಾಕ್ಕೆ ಸೇರಿಸಿ ಚಿತ್ರ ತೆಗೆಯಬೇಕು, ಹಸಿ ಇರುವಾಗಲೇ ತೊಳೆಯಲೂ ಬೇಕು. ಎಲ್ಲ ಸೇರಿ ಹತ್ತು ಹದಿನೈದು ನಿಮಿಷ. ಹಾಗಾಗಿ ಕತ್ತಲೆಕೋಣೆಯೂ ಕ್ಯಾಮೆರಾದ ಹಿಂದೆಯೇ ಸಂದಿಯ ಬಾಯಿಗೆ ಬರಬೇಕಿತ್ತು. ಬಯಲಿನಲ್ಲಾದರೆ ಫಲಕಕ್ಕೆ ಕೆಲವೇ ಸೆಕೆಂಡಿನ ಬೆಳಕು ಸಾಕು. ಕ್ಲೋಸಿನೊಳಗೆ ಬಿಸಿಲು ಇಳಿಯುವುದೇ ಇಲ್ಲ. ಲೆನ್ಸಿನ ಮುಚ್ಚಳ ತೆಗೆದು ಕಾಯುತ್ತ ನಿಲ್ಲಬೇಕು.

ಆ ಕಾಯುವಿಕೆಯಲ್ಲಿ ನಡೆದದ್ದೇ ಈ ಕತೆಯ ಮೊದಲ ಆವಿಷ್ಕಾರ ಎಂದು ನನ್ನ ನಂಬಿಕೆ. ಕೊಲೋಡಿಯನ್ ಫಲಕ ಹೆಚ್ಚಾಗಿ ಗ್ರಹಿಸುವುದು ನೀಲಿ, ನೇರಳೆ ಬೆಳಕನ್ನು. ಕೆಂಪು, ಹಳದಿಗೆ ಅದು ಬಹುಮಟ್ಟಿಗೆ ಕುರುಡು. ಸಂದಿಯೊಳಗಿನ ಬೆಳಕೆಲ್ಲ ಎರಡು ಸೂರುಗಳ ನಡುವೆ ಉಳಿದ ಆಕಾಶದ ಪಟ್ಟಿಯಿಂದ ಇಳಿದದ್ದು. ಮಸಿ ಹಿಡಿದ ಗೋಡೆ ಅದನ್ನು ನುಂಗಿಬಿಡುತ್ತದೆ. ಒದ್ದೆ ಚಪ್ಪಡಿ ನುಂಗುವುದಿಲ್ಲ, ನಡುವೆ ಹರಿಯುವ ಕೊಚ್ಚೆನೀರೂ ನುಂಗುವುದಿಲ್ಲ. ಎರಡೂ ಅದನ್ನು ನೇರ ಲೆನ್ಸಿಗೆ ತಿರುಗಿಸಿ ಕಳಿಸುತ್ತವೆ. ಅಲ್ಲಿ ನಿಂತ ಮನುಷ್ಯನಿಗೆ ಕೊಚ್ಚೆ ಕೊಚ್ಚೆಯಾಗಿಯೇ ಕಾಣುತ್ತದೆ, ಮೂಗು ಬೇರೆ ಯಾವುದನ್ನೂ ನೋಡಗೊಡುವುದಿಲ್ಲ. ಫಲಕಕ್ಕೆ ಮೂಗಿಲ್ಲ. ಆಕಾಶವೊಂದನ್ನು ಬಿಟ್ಟರೆ ಇಡೀ ದೃಶ್ಯದಲ್ಲಿ ಅತಿ ಹೆಚ್ಚು ಬೆಳಗುವ ವಸ್ತು ಎಂದು ಅದು ದಾಖಲಿಸಿಕೊಂಡದ್ದು ಚರಂಡಿಯನ್ನು. ‘ಕ್ಲೋಸ್ ನಂಬರ್ 118, ಹೈ ಸ್ಟ್ರೀಟ್’ ಎಂಬ ಚಿತ್ರವನ್ನು ನೋಡಿದಾಗ ಕಣ್ಣು ಮೊದಲು ಹೋಗುವುದು ನೆಲಕ್ಕೆ: ಕತ್ತಲೆಗಟ್ಟಿದ ಎರಡು ಗೋಡೆ, ನಡುವೆ ಮಿನುಗುವ ಕಲ್ಲು. ಹೊರಗೆ ಒಣಗಹಾಕಿದ ಬಟ್ಟೆ ಗಾಳಿಗೆ ಅಲ್ಲಾಡಿದ ಕಡೆ ಬಿಳಿಯ ಮಂಜಾಗಿದೆ. ನಿಂತಲ್ಲಿ ನಿಲ್ಲಲಾರದ ಮಕ್ಕಳು ಅರ್ಧ ಕರಗಿದ್ದಾರೆ.

ಇಲ್ಲೊಂದು ಮುಳ್ಳಿದೆ, ಅದನ್ನು ದಾಟಿ ಮುಂದೆ ಹೋಗುವುದು ನ್ಯಾಯವಲ್ಲ. ಮಕ್ಕಳು ಟೈಫಸ್ಸಿನಿಂದ ಸಾಯುತ್ತಿದ್ದ ಜಾಗವನ್ನು ಚೆಂದ ಎನ್ನುವುದು ಹೇಗೆ? ಬೆಚ್ಚಗೆ ಕೂತು ನೋಡುವವರ ಮಾತಲ್ಲವೇ ಅದು? ಅನ್ನಾನರ ಚಿತ್ರಗಳನ್ನು ಎಷ್ಟು ಹೊತ್ತು ನೋಡಿದರೂ ಈ ಪ್ರಶ್ನೆ ಬಿಟ್ಟುಹೋಗುವುದಿಲ್ಲ, ಹೋಗಬಾರದು ಕೂಡ. ಆದರೆ ಅವರು ಏನನ್ನೂ ಮರೆಮಾಡಿಲ್ಲ. ಕೊಳೆ ಅಲ್ಲೇ ಇದೆ, ಬಿರುಕು ಬಿಟ್ಟ ಗೋಡೆ ಅಲ್ಲೇ ಇದೆ. ಕೆಲವು ಚಿತ್ರಗಳಲ್ಲಿ ಅಲ್ಲಿನ ನಿವಾಸಿಗಳು ಗೋಡೆಗೆ ಒರಗಿ, ಬಾಗಿಲಲ್ಲಿ ನಿಂತು ನೆಟ್ಟನೆ ನಮ್ಮ ಕಡೆ ನೋಡುತ್ತಾರೆ. ಅಷ್ಟು ಹೊತ್ತು ಅಲುಗದೆ ನಿಲ್ಲಬೇಕಾದರೆ ಅವರ ಒಪ್ಪಿಗೆ ಬೇಕು. ಕದ್ದು ತೆಗೆಯಲಾಗದ ಚಿತ್ರ ಅದು. ಜಾಗದ ದುರವಸ್ಥೆ, ಅಲ್ಲಿ ಬದುಕಿದವರ ಘನತೆ, ಕಲ್ಲಿನ ಮೇಲಿನ ಬೆಳಕು, ಮೂರೂ ಒಂದೇ ಗಾಜಿನ ಮೇಲೆ ಒಟ್ಟಿಗೆ ನಿಂತಿರುವುದರಿಂದಲೇ ಈ ಚಿತ್ರಗಳಿಗೆ ಇಂದಿಗೂ ಇಷ್ಟು ಬಲ.

ಮೊದಲ ಸಂಪುಟದಲ್ಲಿ 31 ಚಿತ್ರಗಳಿದ್ದವು, ಎಲ್ಲ ಟ್ರಸ್ಟಿನ ಕಡತಕ್ಕೆಂದೇ. 1870ರ ದಶಕದ ಕೊನೆಗೆ 40 ಚಿತ್ರಗಳ ಕಾರ್ಬನ್ ಪ್ರಿಂಟಿನ ಸಂಪುಟ ಬಂತು. 1900ರಲ್ಲಿ ಅನ್ನಾನರ ಮಗ ಜೇಮ್ಸ್ ಕ್ರೇಗ್ ಅನ್ನಾನ್ 50 ಚಿತ್ರಗಳನ್ನು ಫೋಟೋಗ್ರವ್ಯೂರ್‌ನಲ್ಲಿ ಅಚ್ಚು ಹಾಕಿಸಿದರು. ಆ ವಿಧಾನವನ್ನು ತಂದೆ ಮಗ ಇಬ್ಬರೂ 1883ರಲ್ಲಿ ವಿಯೆನ್ನಾಕ್ಕೆ ಹೋಗಿ ಕಾರ್ಲ್ ಕ್ಲೀಚ್ ಅವರಿಂದ ಕಲಿತು ಬಂದಿದ್ದರು. 1900ರ ಹೊತ್ತಿಗೆ ತಂದೆ ತೀರಿಕೊಂಡಿದ್ದರು, ಹೆಚ್ಚಿನ ಕ್ಲೋಸುಗಳೂ ಹೋಗಿದ್ದವು. ಸರಕಾರಿ ದಾಖಲೆಯೊಂದು ಮೆಲ್ಲಗೆ ಕಪಾಟಿನಲ್ಲಿಟ್ಟು ತೆಗೆದು ನೋಡುವ ಪುಸ್ತಕವಾಗಿತ್ತು.

1866ರಲ್ಲಿ, ಕಾಯಿದೆಯ ಹೊತ್ತಿನಲ್ಲೇ, ಗ್ಲಾಸ್ಗೋದ ಪ್ರತಿನಿಧಿಗಳ ಗುಂಪೊಂದು ಪ್ಯಾರಿಸ್‌ಗೆ ಹೋಗಿ ಬಂದಿತ್ತು. ಬ್ಯಾರನ್ ಓಸ್‌ಮನ್ 1853ರಿಂದ ಆ ನಗರದ ಹೊಟ್ಟೆ ಸೀಳಿ ಅಗಲ ರಸ್ತೆಗಳನ್ನು ಹಾಯಿಸುತ್ತಿದ್ದುದನ್ನು ಕಣ್ಣಾರೆ ನೋಡುವ ಪ್ರವಾಸ ಅದು. ಅಲ್ಲಿ ಕೆಡವಲಿದ್ದ ಓಣಿಗಳ ಚಿತ್ರ ತೆಗೆಯುತ್ತಿದ್ದವರು ಶಾರ್ಲ್ ಮಾರ್ವಿಲ್. 1862ರಲ್ಲೇ ನಗರದ ಅಧಿಕೃತ ಫೋಟೋಗ್ರಾಫರ್ ಆದವರು; 1860ರ ದಶಕದ ನಡುವೆ ಹಳೆಯ ಪ್ಯಾರಿಸ್ಸಿನ 425 ಚಿತ್ರಗಳನ್ನು ಮಾಡಿಕೊಟ್ಟರು. ಕ್ಯಾಮೆರಾವನ್ನು ತಗ್ಗಿಸಿ ಇಡುವುದು ಅವರ ರೂಢಿ. ಹಾಗೆ ಇಟ್ಟಾಗ ನಡುವೆ ಚರಂಡಿಯಿರುವ ಕಲ್ಲುಹಾಸು ಚಿತ್ರದ ಅರ್ಧವನ್ನೇ ತುಂಬಿಕೊಳ್ಳುತ್ತದೆ. ಮಳೆ ನಿಂತ ಮೇಲಿನ ಹೊತ್ತನ್ನು ಅವರು ಕಾದಿರಬೇಕು ಎನ್ನುವಷ್ಟು ಆ ಕಲ್ಲುಗಳು ಹೊಳೆಯುತ್ತವೆ. 1878ರ ವಿಶ್ವ ಪ್ರದರ್ಶನದಲ್ಲಿ ನಗರದವರು ಮಾರ್ವಿಲ್‌ರ ಹಳೆಯ ಓಣಿಗಳನ್ನು ಅವರದೇ ಹೊಸ ರಸ್ತೆಗಳ ಚಿತ್ರಗಳ ಪಕ್ಕದಲ್ಲಿಟ್ಟು ತೋರಿಸಿದರು. ನಾವು ಎಷ್ಟು ಸುಧಾರಿಸಿದ್ದೇವೆ ನೋಡಿ ಎಂಬುದು ಉದ್ದೇಶ. ಮರುವರ್ಷ ಮಾರ್ವಿಲ್ ತೀರಿಕೊಂಡರು, ಜನ ಅವರನ್ನು ಮರೆತರು.

ಅವರು ಬಿಟ್ಟಲ್ಲಿಂದ ಕೈಗೆತ್ತಿಕೊಂಡವರಿಗೆ ಯಾವ ಕಚೇರಿಯ ಆದೇಶವೂ ಇರಲಿಲ್ಲ. ಯುಜೀನ್ ಅಟ್ಜೆ ಹುಟ್ಟಿದ್ದು 1857ರಲ್ಲಿ, ಬೋರ್ಡೋ ಹತ್ತಿರದ ಲಿಬೂರ್ನ್‌ನಲ್ಲಿ. ಚಿಕ್ಕಂದಿನಲ್ಲೇ ತಂದೆತಾಯಿ ಹೋದರು. ಹಡಗಿನಲ್ಲಿ ದುಡಿದರು, ಪ್ಯಾರಿಸ್ಸಿನ ನಾಟಕ ಶಾಲೆಯಲ್ಲಿ ಕಲಿತರು, ಊರೂರು ಸುತ್ತುವ ಕಂಪನಿಗಳಲ್ಲಿ ಸಣ್ಣಪುಟ್ಟ ಪಾತ್ರ ಮಾಡಿದರು. ಅಲ್ಲೇ ವಾಲೆಂಟೀನ್ ಕೊಂಪಾನ್ಯೋಂ ಎಂಬ ನಟಿ ಜೊತೆಯಾದರು. ರಂಗಭೂಮಿ ಕೈಹಿಡಿಯಲಿಲ್ಲ. ಮೂವತ್ತು ದಾಟಿದ ಮೇಲೆ ಕ್ಯಾಮೆರಾ ಹಿಡಿದು, ಮನೆಬಾಗಿಲಿಗೆ ಬೋರ್ಡು ಹಾಕಿಕೊಂಡರು: ಕಲಾವಿದರಿಗೆ ಬೇಕಾದ ದಾಖಲೆಗಳು ಇಲ್ಲಿ ಸಿಗುತ್ತವೆ. ಚಿತ್ರಕಾರರಿಗೆ ಮರದ ಚಿತ್ರ, ಕಮ್ಮಾರರಿಗೆ ಹಳೆಯ ಬಾಗಿಲಿನ ಕಬ್ಬಿಣದ ಕೆಲಸದ ಚಿತ್ರ, ರಂಗಸಜ್ಜಿಕೆಯವರಿಗೆ ಬೀದಿಮೂಲೆಯ ಚಿತ್ರ. 1897-98ರ ಹೊತ್ತಿಗೆ ಹಳೆಯ ಪ್ಯಾರಿಸ್ಸನ್ನೇ ಹಿಡಿದು ಕೂತರು. ಗ್ರಂಥಾಲಯಗಳು, ಕಾರ್ನವಾಲೆ ಮ್ಯೂಸಿಯಂ ಅವರ ಗಿರಾಕಿಗಳಾದವು; ಒಂದು ಪ್ರಿಂಟಿಗೆ ಸಿಗುತ್ತಿದ್ದದ್ದು ಪುಡಿಗಾಸು.

ಅಷ್ಟರಲ್ಲಿ ಹಸಿ ಫಲಕದ ಕಾಲ ಮುಗಿದಿತ್ತು. ಅಂಗಡಿಯಲ್ಲಿ ಸಿಗುವ ಒಣ ಫಲಕಗಳೇ ಅವರ ಬಳಿಯೂ ಇದ್ದವು, 18 ಸೆಂ.ಮೀ.ಗೆ 24 ಸೆಂ.ಮೀ.ನವು. ಆದರೆ ಕ್ಯಾಮೆರಾ ಮಾತ್ರ ಮರದ ಪೆಟ್ಟಿಗೆ, ತಿದಿ, ಮುಕ್ಕಾಲಿಯ ಹಳೆಯ ಸರಕು. ಅದನ್ನು ಹೆಗಲಿಗೇರಿಸಿ ನಸುಕಿನಲ್ಲೇ ಹೊರಡುತ್ತಿದ್ದರು. ಎತ್ತರದ ಕಟ್ಟಡ ಚಿತ್ರದೊಳಗೆ ಬರಲೆಂದು ಲೆನ್ಸನ್ನು ಮೇಲಕ್ಕೆ ಸರಿಸಿದಾಗ ಅದು ಬೀರುವ ಬೆಳಕಿನ ವೃತ್ತ ಫಲಕದ ಮೂಲೆ ತಲುಪುತ್ತಿರಲಿಲ್ಲ. ಅವರ ಎಷ್ಟೋ ಚಿತ್ರಗಳ ಮೇಲಿನ ಎರಡು ಮೂಲೆ ಕಪ್ಪಾಗಿ ಕಮಾನು ಕಟ್ಟಿರುವುದು ಅದಕ್ಕೆ. ಇನ್ನೊಬ್ಬರಾಗಿದ್ದರೆ ಕತ್ತರಿಸಿ ಸರಿಮಾಡುತ್ತಿದ್ದರು. ಅಟ್ಜೆ ಹಾಗೆಯೇ ಬಿಟ್ಟರು. ಓಣಿಯ ಚಿತ್ರಗಳಲ್ಲಿ ಆ ಕಪ್ಪು ಕಮಾನು ನಾವೂ ಒಂದು ಬಾಗಿಲ ಕೆಳಗೆ ನಿಂತು ಒಳಗೆ ಇಣುಕುತ್ತಿದ್ದೇವೆ ಅನ್ನಿಸುವಂತೆ ಮಾಡುತ್ತದೆ. ದೂರದ ಕೊನೆಯಲ್ಲಿ ಬೆಳಕು ಫಲಕದ ಮೇಲೆ ಹರಡಿಕೊಂಡು ಗೋಡೆಯ ಅಂಚನ್ನು ಕರಗಿಸುತ್ತದೆ. ತಂತ್ರದ ದೃಷ್ಟಿಯಿಂದ ಎರಡೂ ದೋಷಗಳೇ. ಇವತ್ತು ಓಣಿಯ ಚಿತ್ರವೆಂದರೆ ಹೀಗೇ ಇರಬೇಕು ಎಂದು ನಮಗೆ ಅನ್ನಿಸುವುದರಲ್ಲಿ ಈ ದೋಷಗಳ ಪಾಲು ದೊಡ್ಡದು.

ಕೂರ್ ದ್ಯು ದ್ರಾಗೋಂ ಎಂಬ ಅಂಗಳದೋಣಿಯನ್ನು ಅವರು ಹೀಗೆ ಚಿತ್ರಿಸಿದ್ದಾರೆ. ಬಾಗಿಲಿನ ಮೇಲೆ ಕಲ್ಲಿನ ಡ್ರ್ಯಾಗನ್ ಇತ್ತು. ಹಳೆಯ ವಾಸ್ತುವಿನ ಗಿರಾಕಿಗಳಿಗೆ ಬೇಕಾಗಿದ್ದದ್ದು ಅದರ ಚಿತ್ರ. ಅಟ್ಜೆ ಅಲ್ಲಿಗೆ ನಿಲ್ಲಿಸದೆ ಒಳಗೆ ನಡೆದರು. ಒಳಗೆ ಹಳೆ ಕಬ್ಬಿಣದವರ, ಒಲೆ ಮಾರುವವರ ಮಳಿಗೆಗಳು ಸಾಲಾಗಿದ್ದವು, ನಡುವೆ ಚರಂಡಿ. ಆ ಓಣಿಯನ್ನು ಮುಂದೆ ಕೆಡವಿದರು. ಡ್ರ್ಯಾಗನ್ ಲೂವ್ರ್ ಸೇರಿತು.

1920ರಲ್ಲಿ ಅಟ್ಜೆ ಲಲಿತಕಲಾ ಇಲಾಖೆಯ ನಿರ್ದೇಶಕ ಪಾಲ್ ಲೆಯೋಂಗೆ ಪತ್ರ ಬರೆದರು. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ದುಡಿದು ಹಳೆಯ ಪ್ಯಾರಿಸ್ಸನ್ನು ಕೂಡಿಹಾಕಿದ್ದೇನೆ, ವಯಸ್ಸಾಗುತ್ತಿದೆ, ನನ್ನ ನಂತರ ಇದನ್ನು ಕಾಯುವವರಿಲ್ಲ ಎಂಬುದು ಅದರ ಸಾರ. ಸರಕಾರ 2,621 ನೆಗೆಟಿವ್‌ಗಳನ್ನು 10,000 ಫ್ರಾಂಕಿಗೆ ಕೊಂಡಿತು. ಅವರ ಬದುಕಿನ ದೊಡ್ಡ ಗಳಿಕೆ ಅದು.

ಅದೇ ಹೊತ್ತಿಗೆ ಪ್ಯಾರಿಸ್ಸಿನ ಸರ್ರಿಯಲಿಸ್ಟ್ ಕವಿ, ಚಿತ್ರಕಾರರಿಗೆ ಗಾಜಿನ ಚಾವಣಿಯ ಹಳೆಯ ಹಾದುಹೋಗುವ ದಾರಿಗಳ ಹುಚ್ಚು ಹಿಡಿದಿತ್ತು. ಓಸ್‌ಮನ್ ಹೆಸರಿನ ರಸ್ತೆಯನ್ನೇ ಮುಂದಕ್ಕೆ ಎಳೆಯಲು 1925ರಲ್ಲಿ ಕೆಡವಿದ ‘ಪಸಾಜ್ ದ ಲೊಪೆರಾ’ದ ಬಗ್ಗೆ ಲೂಯಿ ಅರಗೋಂ ಒಂದು ಪುಸ್ತಕದ ದೊಡ್ಡ ಭಾಗವನ್ನೇ ಮೀಸಲಿಟ್ಟರು. ಅದನ್ನು ಓದಿದ ವಾಲ್ಟರ್ ಬೆನ್ಯಮಿನ್ ಮುಂದೆ ಈ ದಾರಿಗಳ ಅಧ್ಯಯನದಲ್ಲೇ ಜೀವ ಸವೆಸಿದರು. ಆ ಸರ್ರಿಯಲಿಸ್ಟ್ ಗುಂಪಿನ ಫೋಟೋಗ್ರಾಫರ್ ಮ್ಯಾನ್ ರೇ ಅಟ್ಜೆಯ ಬೀದಿಯಲ್ಲೇ ಇದ್ದವರು: ಕಾಂಪಾನ್ಯ್ ಪ್ರೆಮಿಯೇರ್ ಬೀದಿಯಲ್ಲಿ ಅಟ್ಜೆಯದು 17ರ ಮನೆ, ಮ್ಯಾನ್ ರೇಯದು 31. 1926ರಲ್ಲಿ ಅಟ್ಜೆಯ ಕೆಲವು ಚಿತ್ರಗಳು ಆ ಗುಂಪಿನ ಪತ್ರಿಕೆಯಲ್ಲಿ ಅಚ್ಚಾದವು. ಹೆಸರು ಹಾಕಬೇಡಿ, ಇವು ಬರೀ ದಾಖಲೆಗಳು ಎಂದರಂತೆ ಅಟ್ಜೆ.

ಮ್ಯಾನ್ ರೇ ಸ್ಟುಡಿಯೋದಲ್ಲಿ ಸಹಾಯಕಿಯಾಗಿದ್ದ ಬೆರನೀಸ್ ಅಬಟ್ ಅಟ್ಜೆಯ ಪ್ರಿಂಟುಗಳನ್ನು ನೋಡಿದ್ದು ಅದಕ್ಕೂ ಮೊದಲು, 1925ರಲ್ಲಿ. ಅಮೆರಿಕದ ಒಹಾಯೋದವರು, ಶಿಲ್ಪ ಕಲಿಯಲೆಂದು ಬಂದು ಫೋಟೋಗ್ರಫಿಗೆ ಹೊರಳಿದವರು. ಮ್ಯಾನ್ ರೇಗೆ ಕಂಡದ್ದು ಕನಸಿನಂಥ ವಿಚಿತ್ರ. ಅಬಟ್‌ಗೆ ಕಂಡದ್ದು ಅದಕ್ಕಿಂತ ಸರಳ, ಅದಕ್ಕಿಂತ ದೊಡ್ಡದು: ಯಾವ ಅಲಂಕಾರವೂ ಇಲ್ಲದೆ, ಇರುವುದು ಇದ್ದಂತೆ, ಅಷ್ಟು ಪೂರ್ಣವಾಗಿ. ನೇರ ಅಟ್ಜೆಯ ಮನೆ ಮೆಟ್ಟಿಲು ಹತ್ತಿದರು. ಮತ್ತೆ ಮತ್ತೆ ಹೋದರು, ಕೈಯಲ್ಲಿದ್ದಷ್ಟು ಹಣಕ್ಕೆ ಪ್ರಿಂಟು ಕೊಂಡರು. 1926ರಲ್ಲಿ ವಾಲೆಂಟೀನ್ ತೀರಿಕೊಂಡ ಮೇಲೆ ಮುದುಕ ಕುಗ್ಗಿಹೋಗಿದ್ದರು. 1927ರಲ್ಲಿ ಅಬಟ್ ತಮ್ಮ ಸ್ಟುಡಿಯೋಗೆ ಕರೆಸಿ ಅವರ ಭಾವಚಿತ್ರ ತೆಗೆದರು. ತೇಪೆ ಹಾಕಿದ ಕೆಲಸದ ಬಟ್ಟೆಯಲ್ಲೇ ಬರುತ್ತಾರೆಂದು ಅವರು ಕಾದಿದ್ದರೆ, ಅಟ್ಜೆ ಒಳ್ಳೆಯ ಓವರ್‌ಕೋಟು ತೊಟ್ಟು ಬಂದಿದ್ದರು. ಪ್ರಿಂಟು ತೋರಿಸಲು ಹೋದಾಗ ಬಾಗಿಲ ಬೋರ್ಡು ಕಾಣಲಿಲ್ಲ. ಆಗಸ್ಟ್ 4ರಂದು ಅಟ್ಜೆ ತೀರಿಕೊಂಡಿದ್ದರು.

ಅಲ್ಲಿಗೆ ಬಿಟ್ಟಿದ್ದರೆ ಬಿಡಬಹುದಿತ್ತು. ಅಬಟ್ ಬಿಡಲಿಲ್ಲ. ಉಳಿದ ಫಲಕಗಳು ಎಲ್ಲಿ ಹೋದವೆಂದು ವಿಚಾರಿಸುತ್ತ ಹೋಗಿ ಅಟ್ಜೆಯ ಹಳೆಯ ನಾಟಕದ ಗೆಳೆಯ ಆಂದ್ರೆ ಕಾಲ್ಮೆತ್ ಅವರನ್ನು ಹಿಡಿದರು. 1928ರಲ್ಲಿ ಸಾವಿರಕ್ಕೂ ಹೆಚ್ಚು ಗಾಜಿನ ನೆಗೆಟಿವ್, ಸಾವಿರಾರು ಪ್ರಿಂಟುಗಳನ್ನು ಕೊಂಡರು. ಮರುವರ್ಷ ಆ ಭಾರವೆಲ್ಲ ಹಡಗಿನಲ್ಲಿ ನ್ಯೂಯಾರ್ಕಿಗೆ ಬಂತು. ಹಣ ಸಾಲದೆ ಜೂಲಿಯನ್ ಲೆವಿ ಎಂಬ ಗ್ಯಾಲರಿಯವರನ್ನು ಪಾಲುದಾರರನ್ನಾಗಿ ಸೇರಿಸಿಕೊಳ್ಳಬೇಕಾಯಿತು. ಅಬಟ್ ನಾಲ್ಕು ದಶಕ ಈ ಗಾಜನ್ನು ಕಾಪಾಡಿದರು, ಪ್ರಿಂಟು ಮಾಡಿದರು, ಲೇಖನ ಬರೆದರು, ಪುಸ್ತಕ ತಂದರು. ತಮ್ಮ ಕ್ಯಾಮೆರಾವನ್ನೂ ನ್ಯೂಯಾರ್ಕಿನ ಬೀದಿಗಳತ್ತ ತಿರುಗಿಸಿದರು. 1930ರ ದಶಕದಲ್ಲಿ ಅವರು ಮಾಡಿದ ‘ಚೇಂಜಿಂಗ್ ನ್ಯೂಯಾರ್ಕ್’ ಸರಣಿಯಲ್ಲಿ ಗಗನಚುಂಬಿಗಳ ಜೊತೆಗೇ ಪ್ಯಾಚಿನ್ ಪ್ಲೇಸ್ ಎಂಬ ಪುಟ್ಟ ಮೊಂಡು ಓಣಿಗೂ ಜಾಗ ಸಿಕ್ಕಿತು. 1968ರಲ್ಲಿ ಇಡೀ ಅಟ್ಜೆ ಸಂಗ್ರಹವನ್ನು ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಕೊಂಡಿತು.

ಓಣಿಯ ಚೆಲುವನ್ನು ಕಂಡುಹಿಡಿದ ಕೀರ್ತಿ ಯಾರಿಗೆ ಸಲ್ಲಬೇಕು ಎಂದು ಕೇಳಿದರೆ ನಾನು ಅಬಟ್ ಹೆಸರು ಹೇಳುತ್ತಿದ್ದೆ. ಆದರೆ ಮ್ಯೂಸಿಯಮ್ಮಿನ ಕೆಲಸ ನನ್ನ ಉತ್ತರವನ್ನು ಸ್ವಲ್ಪ ಕದಲಿಸಿದೆ. ಪ್ರತಿ ಫಲಕದ ಮೇಲೂ ಅಟ್ಜೆ ಒಂದು ಸಂಖ್ಯೆ ಗೀಚಿದ್ದರು. ಅವುಗಳಿಗೆ ತಲೆಬುಡವಿಲ್ಲ ಎಂದು ತೋರುತ್ತಿತ್ತು. ಮರಿಯಾ ಮೋರಿಸ್ ಹ್ಯಾಂಬರ್ಗ್ ಎಂಬ ವಿದ್ವಾಂಸೆ ಅವುಗಳ ಹಿಂದಿನ ಕ್ರಮವನ್ನು ಬಿಡಿಸಿದರು. 1981ರಿಂದ 1985ರವರೆಗೆ ಮ್ಯೂಸಿಯಮ್ಮಿನ ಜಾನ್ ಶಾರ್ಕೋವ್‌ಸ್ಕಿ ಅವರೊಡನೆ ನಾಲ್ಕು ಸಂಪುಟಗಳನ್ನು ಹೊರತಂದರು. ಯಾವ ಚಿತ್ರ ಯಾವ ಸರಣಿಯದು, ಯಾವ ಕಾಲದ್ದು ಎಂಬುದು ಆಗ ಸ್ಪಷ್ಟವಾಯಿತು. ಹಾಗೆ ಜೋಡಿಸಿ ನೋಡಿದಾಗ 1920ರ ಮಾರಾಟದ ನಂತರದ ಅಟ್ಜೆ ಬೇರೆಯೇ ಮನುಷ್ಯ. ಗಿರಾಕಿಗಳ ಹಂಗು ಕಡಿಮೆಯಾದ ಮೇಲೆ ಅವರು ಅದೇ ಅಂಗಳಗಳಿಗೆ, ಅದೇ ಬೀದಿಮೂಲೆಗಳಿಗೆ ಮರಳಿ ಹೋದರು. ಈ ಸಲ ಕಬ್ಬಿಣದ ಕೆಲಸ ಹಿಂದೆ ಸರಿದಿದೆ. ಮಂಜು, ತೇವ, ಇನ್ನೂ ಏಳದ ಬಿಸಿಲು ಮುಂದೆ ಬಂದಿವೆ. 1924ರ ಒಂದು ಚಿತ್ರ ಸೇನ್ ನದಿಯ ಆಂಜು ದಂಡೆಯದು. ಜಾಗದ ಹೆಸರಿನ ಪಕ್ಕದಲ್ಲಿ ಅವರು ಬರೆದದ್ದು: ಬೆಳಗಿನ 6 ಗಂಟೆ. 1925ರಲ್ಲಿ ವಾಲೆತ್ ಬೀದಿಯ ಮೂಲೆಯಲ್ಲಿ ನಿಂತು ತೆಗೆದದ್ದರ ಜೊತೆ ಬರೆದದ್ದು: ಮಾರ್ಚ್ ತಿಂಗಳ ಮುಂಜಾನೆ. ಹಳೆಯ ಬಾಗಿಲಿನ ವಿನ್ಯಾಸ ಹುಡುಕಿ ಬರುವ ಕಮ್ಮಾರನಿಗೆ ಚಿತ್ರ ಎಷ್ಟು ಗಂಟೆಗೆ ತೆಗೆದದ್ದೆಂಬುದು ಬೇಕಾಗುವುದಿಲ್ಲ. ಗ್ರಂಥಾಲಯದ ಕಡತದಲ್ಲೂ ಅದಕ್ಕೊಂದು ಕಾಲಂ ಇರಲಿಲ್ಲ.